ಸಿರ್ಸಿಯ ಅಟ್ಟದಿಂದ ಕುಮಟೆಯ ಜಗಲಿಗೆ: ಒಂದು ಆರಾಮ ಕುರ್ಚಿ

ಉದ್ದ ಕೈಯ ಆರಾಮ ಕುರ್ಚಿಯೊಂದು ಮನೆಯಲ್ಲಿ ಇರಬೇಕು ಅಂತ ನನಗೆ ಎಷ್ಟೋ ವರ್ಷದ ಆಸೆ. ಹಿಂದಕ್ಕೆ ಒರಗಿದ ಬೆತ್ತದ ಹೆಣಿಗೆ, ಕೈಗಳ ಕೆಳಗೆ ಅಡಗಿರುವ ಎರಡು ಪಟ್ಟಿ. ಪಟ್ಟಿಗಳನ್ನು ಮುಂದಕ್ಕೆ ತಿರುಗಿಸಿದರೆ ಅದರ ಮೇಲೆ ಕಾಲು ಚಾಚಿ ಮಲಗಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಸಾಹೇಬರ ಬಂಗಲೆಗಳಲ್ಲಿ ನೋಡಿದ ಕುರ್ಚಿಯನ್ನೇ ಊರಿನ ಆಚಾರಿಗಳು ಘಟ್ಟದ ಮೇಲಿನ ತೋಟಿಗರ ಮನೆಗಳಿಗೆ ಮಾಡಿಕೊಟ್ಟರು ಅಂತ ಹಳಬರು ಹೇಳುತ್ತಾರೆ.

ಮೊದಲು ಅಂಗಡಿಗಳಲ್ಲೇ ಹುಡುಕಿದೆ. ಕಾಳಿ ನದಿ ದಾಟಿ ಗೋವಾ ಕಡೆಗೂ ಹೋಗಿ ಬಂದೆ. ‘ಹಳೇದು’ ಅಂತ ತೋರಿಸಿದ್ದರಲ್ಲಿ ಹೆಚ್ಚಿನವು ಹಳೆ ಮರದ ತುಂಡುಗಳಿಂದ ಹೊಸದಾಗಿ ಮಾಡಿ ಕಪ್ಪು ಬಣ್ಣ ಬಳಿದವು. ಗುರುತಿಸುವುದು ಕಷ್ಟವಲ್ಲ. ಕುರ್ಚಿಯನ್ನು ಮಗುಚಿ ಹಾಕಿ, ಅಡಿಭಾಗ ನೋಡಿ. ನೂರು ವರ್ಷ ಕೈ ಇಟ್ಟ ಜಾಗ ನುಣುಪಾಗಿರುತ್ತದೆ, ಕೈ ತಾಗದ ಜಾಗ ಒರಟಾಗಿ, ಮಂಕಾಗಿ ಇರುತ್ತದೆ. ಎಲ್ಲಾ ಕಡೆ ಒಂದೇ ಬಣ್ಣ, ಒಂದೇ ನುಣುಪು ಇದ್ದರೆ ನಂಬಬೇಡಿ. ಪ್ಲಸ್ ತಲೆಯ ಸ್ಕ್ರೂ ಕಂಡರೆ ಅಷ್ಟು ಭಾಗವಾದರೂ ಈಚಿನದು. ಬೆತ್ತ ಹೇಗೆ ಕೂತಿದೆ ಅನ್ನುವುದೂ ಮುಖ್ಯ. ಕೈಯಲ್ಲಿ ಹೆಣೆದದ್ದಾದರೆ ಚೌಕಟ್ಟಿನ ಸುತ್ತ ಸಣ್ಣ ತೂತುಗಳ ಸಾಲು ಇರುತ್ತದೆ. ಯಂತ್ರದಲ್ಲಿ ಹೆಣೆದ ಹಾಳೆಯಾದರೆ ಚೌಕಟ್ಟಿನಲ್ಲಿ ಉದ್ದಕ್ಕೆ ಕಚ್ಚು ತೋಡಿ ಅದರೊಳಗೆ ತುರುಕಿರುತ್ತಾರೆ.

ನನಗೆ ಕುರ್ಚಿ ಸಿಕ್ಕಿದ್ದು ಅಂಗಡಿಯಲ್ಲಿ ಅಲ್ಲ, ಆಚಾರಿಯೊಬ್ಬರ ಮೂಲಕ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಹಳೆ ಮನೆ ಕೀಳುವ ಕೆಲಸಕ್ಕೆ ಹೋಗುವ ಆಚಾರಿಗಳ ಪರಿಚಯ ಮಾಡಿಕೊಳ್ಳಿ. ಯಾವ ಮನೆಯಲ್ಲಿ ಹಿಸ್ಸೆ ಆಯಿತು, ಯಾರ ಅಟ್ಟದಲ್ಲಿ ಏನಿದೆ, ಎಲ್ಲ ಅವರಿಗೆ ಗೊತ್ತು. ದೀಪಾವಳಿ ಕಳೆದ ಮೇಲೆ ಮಳೆ ಶುರುವಾಗುವ ತನಕ ಇಂಥ ಕೆಲಸಗಳು ಜಾಸ್ತಿ. ‘ಸಿರ್ಸಿ ಹತ್ತಿರ ಒಂದು ಮನೆ ಇದೆ, ಅಟ್ಟದಲ್ಲಿ ನಿಮ್ಮ ಕುರ್ಚಿ ಮಲಗಿದೆ’ ಅಂತ ಅವರ ಫೋನ್ ಬಂದಾಗ ನಾನು ಮರುದಿನವೇ ಘಟ್ಟ ಹತ್ತಿದೆ.

ಆದರೆ ಮನೆಯ ಅಜ್ಜಿ ಒಪ್ಪಲಿಲ್ಲ. ‘ಅದು ಮಾರೂದಲ್ಲ ತಮಾ’ ಅಂದುಬಿಟ್ಟರು. ಒತ್ತಾಯ ಮಾಡಬಾರದು ಅನ್ನಿಸಿತು. ಚಹಾ ಕುಡಿದು, ಅಡಿಕೆ ಸುಲಿಯುವವರ ಜೊತೆ ಮಾತಾಡಿ ವಾಪಸ್ ಬಂದೆ. ಆಮೇಲೆಯೂ ಆ ಕಡೆ ಹೋದಾಗಲೆಲ್ಲ ಸುಮ್ನೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ಹಳೆ ಮನೆ ಕೀಳುವುದು ಖಚಿತವಾದ ಮೇಲೆ ಅವರೇ ಹೇಳಿ ಕಳಿಸಿದರು. ‘ಕೂರುವವರ ಮನೆಗೆ ಹೋಗಲಿ. ಯಾವತ್ತಾದರೂ ಬೇಡ ಅಂತಾದರೆ ಮೊದಲು ನಮ್ಮ ಹುಡುಗರಿಗೆ ಹೇಳಬೇಕು’ ಅಂದರು. ಒಪ್ಪಿದೆ. ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ. ಘಟ್ಟದ ದಾರಿಯಲ್ಲಿ ಮರದ ಸಾಮಾನು ತರುವಾಗ ಯಾರಾದರೂ ಕೇಳಿದರೆ ತೋರಿಸಲು ಇರಲಿ ಅಂತ ಒಂದು ಚೀಟಿ ಬರೆಸಿಕೊಂಡೆ.

ಹೊರಡುವ ಮುಂಚೆ ಅಂಗಳದ ಬಿಸಿಲಿನಲ್ಲಿಟ್ಟು ನೋಡಿದೆವು. ಮರ ಸಾಗುವಾನಿ, ಪೂರ್ತಿ ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು. ಅಲ್ಲಲ್ಲಿ ಮರ ಕೊರೆಯುವ ಕುಟ್ಟೆ ಹುಳದ ತೂತುಗಳಿದ್ದವು. ತೂತಿನಿಂದ ಹಿಟ್ಟು ಉದುರುತ್ತಿದ್ದರೆ ಹುಳ ಇನ್ನೂ ಇದೆ ಅಂತ ಅರ್ಥ. ತಟ್ಟಿ ನೋಡಿದೆವು, ಏನೂ ಉದುರಲಿಲ್ಲ. ಹಿಂದಿನ ಕಾಲುಗಳ ತುದಿ ಮಾತ್ರ ಮೆತ್ತಗಾಗಿತ್ತು. ಸಗಣಿ ಸಾರಿಸುವ ನೆಲದಲ್ಲಿ ಎಷ್ಟೋ ವರ್ಷ ಒದ್ದೆಯಲ್ಲಿ ನಿಂತ ಕಾಲು ಅಲ್ವಾ. ಬೆತ್ತವಂತೂ ಪೂರ್ತಿ ಹರಿದು ಜೋತುಬಿದ್ದಿತ್ತು.

ಗೂಡ್ಸ್ ರಿಕ್ಷಾದಲ್ಲಿ ಹಾಸಿಗೆ ಹಾಸಿ, ಕುರ್ಚಿಯನ್ನು ಮಗುಚಿ ಮಲಗಿಸಿದೆವು. ಎತ್ತುವಾಗ ಕೈ ಹಿಡಿದು ಎತ್ತಬೇಡಿ, ಕೂರುವ ಚೌಕಟ್ಟನ್ನೇ ಹಿಡಿಯಿರಿ. ಹಳೆ ಕುರ್ಚಿಯ ಕೈಗಳು ಕೂಡುವ ಜಾಗದಲ್ಲಿ ಸಡಿಲವಾಗಿರುತ್ತವೆ. ಕಾಲು ಚಾಚುವ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಲೇಬೇಕು. ಇಲ್ಲದಿದ್ದರೆ ದೇವಿಮನೆ ಘಟ್ಟದ ಒಂದೊಂದು ತಿರುವಿಗೂ ಅವು ಹೊರಗೆ ಬಂದು ಬಡಿಯುತ್ತವೆ.

ಕಾಲಿನ ವಿಷಯದಲ್ಲಿ ಆಚಾರಿಗೂ ನನಗೂ ಸ್ವಲ್ಪ ಚರ್ಚೆ ಆಯಿತು. ನಾಲ್ಕೂ ಕಾಲನ್ನು ಒಂದೊಂದು ಇಂಚು ಕೊಯ್ದರೆ ಸುಲಭ ಅಂದರು. ‘ಬೇಡ ಆಚಾರ್ರೇ, ಕೆಟ್ಟಷ್ಟನ್ನೇ ತೆಗೆದು ತುಂಡು ಕೂಡಿಸಿ’ ಅಂದೆ. ಹಳೆ ಕಿಟಕಿಯ ಸಾಗುವಾನಿ ಹುಡುಕಿ, ಓರೆಯಾಗಿ ಕೊಯ್ದು ಕೂಡಿಸಿದರು. ಕೂಡಿಸಿದ ಗೆರೆ ಕಾಣುತ್ತದೆ. ಕಾಣಲಿ.

ಬೆತ್ತ ಹೆಣೆದವರು ಕಣ್ಣು ಕಾಣದ ಹಿರಿಯರೊಬ್ಬರು. ಒಂದು ಕಾಲದಲ್ಲಿ ಸರ್ಕಾರಿ ಕಚೇರಿಗಳ ಕುರ್ಚಿಗಳನ್ನು ಹೆಣೆಯುತ್ತಿದ್ದವರು. ಅವರ ಕೆಲಸ ನೋಡುತ್ತ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಮೊದಲು ಹಳೆ ಬೆತ್ತದ ಚೂರುಗಳನ್ನು ತೂತುಗಳಿಂದ ಮೊಳೆಯಲ್ಲಿ ತಳ್ಳಿ ತೆಗೆದರು. ಬೆರಳಲ್ಲೇ ತೂತು ಎಣಿಸಿ ಮಧ್ಯ ಎಲ್ಲಿ ಅಂತ ಗೊತ್ತುಮಾಡಿ, ಅಲ್ಲಿಗೊಂದು ಗೂಟ ಸಿಕ್ಕಿಸಿದರು. ಬೆತ್ತದ ಎಳೆಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಹೊಳೆಯುವ ಮೈ ಮೇಲೆ ಬರುವ ಹಾಗೆ ಎಳೆದರು. ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು, ಕೊನೆಗೆ ಓರೆಯಾಗಿ ಆ ಕಡೆಯಿಂದೊಂದು, ಈ ಕಡೆಯಿಂದೊಂದು. ಹೀಗೆ ಆರು ಸುತ್ತು ಆದಾಗ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಓರೆ ಎಳೆ ತಪ್ಪು ಕಡೆ ಹೊಕ್ಕರೆ ಎಳೆಯುವಾಗ ಉಜ್ಜುತ್ತದೆ, ಸರಿ ಇದ್ದರೆ ಜಾರಿ ಹೋಗುತ್ತದೆ. ಅವರು ಅದನ್ನು ಕೈಯಲ್ಲೇ ತಿಳಿಯುತ್ತಿದ್ದರು.

ಪಾಲಿಶ್ ವಿಷಯದಲ್ಲಿ ನನ್ನದು ಹಟ. ಮರಳು ಕಾಗದ ಮುಟ್ಟಿಸಲಿಲ್ಲ. ಉಜ್ಜಿದರೆ ಆ ನುಣುಪು ಮತ್ತೆ ಬರುವುದಿಲ್ಲ. ಅಡಿಯಲ್ಲಿ ಕಾಣದ ಕಡೆ ಒಂದು ಹನಿ ಸ್ಪಿರಿಟ್ ಹಾಕಿ ನೋಡಿದೆ. ಅಂಟಂಟಾಯಿತು, ಅಂದರೆ ಮೂಲದಲ್ಲಿ ಇದ್ದದ್ದು ಅರಗಿನ ಫ್ರೆಂಚ್ ಪಾಲಿಶ್. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಕೊಳೆ ಒರೆಸಿ, ತೆಳ್ಳಗೆ ಅದೇ ಪಾಲಿಶ್ ಕೊಡಿಸಿದೆ. ಕರಾವಳಿಯವರು ಈ ಕೆಲಸವನ್ನು ಒಣ ತಿಂಗಳಲ್ಲೇ ಮುಗಿಸಿಕೊಳ್ಳಿ. ಗಾಳಿಯಲ್ಲಿ ತೇವ ಇದ್ದರೆ ಅರಗು ಬೆಳ್ಳಗಾಗುತ್ತದೆ.

ಈಗ ಕುರ್ಚಿ ಜಗಲಿಯಲ್ಲಿದೆ. ಮಳೆಗಾಲದಲ್ಲಿ ಇರಚಲು ತಾಗದಂತೆ ಒಳಗೆ ಎಳೆದುಕೊಳ್ಳುತ್ತೇನೆ, ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಬೆತ್ತ ಸ್ವಲ್ಪ ಜೋತರೆ ಗಾಬರಿ ಬೇಡ. ಅಡಿಭಾಗಕ್ಕೆ ಒದ್ದೆ ಬಟ್ಟೆ ಒತ್ತಿ, ನೆರಳಲ್ಲಿ ಪೂರ್ತಿ ಒಣಗಲು ಬಿಡಿ, ಮತ್ತೆ ಬಿಗಿಯಾಗುತ್ತದೆ. ಒಣಗುವವರೆಗೆ ಯಾರೂ ಕೂರಬಾರದು ಅಷ್ಟೇ. ಉಳಿದ ಬೆತ್ತದ ಕಟ್ಟನ್ನು ಆ ಹಿರಿಯರು ನನಗೇ ಕೊಟ್ಟಿದ್ದಾರೆ. ಮುಂದೆ ಎಳೆಯೊಂದು ತುಂಡಾದರೆ ಅದೊಂದನ್ನೇ ಬದಲಿಸಿದರೆ ಸಾಕಂತೆ.