ನನ್ನ ಹೊಂಡದ ಬಿಸಿಲಿನ ಲೆಕ್ಕ

ಗೌರಿ ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಮೂರು ದಿನದಿಂದ ಜಡಿ ಮಳೆ, ಬಿಸಿಲಿನ ಮುಖವನ್ನೇ ನೋಡಿರಲಿಲ್ಲ. ನಾಲ್ಕನೇ ದಿನ ಬೆಳಗಿನ ಜಾವ ಐದೂವರೆಗೆ ಹೊಂಡದ ಹತ್ತಿರ ಹೋದರೆ ನೀರಿನ ಮೇಲೆಲ್ಲ ಬರೀ ಬಾಯಿಗಳು. ಅಂಗೈ ಉದ್ದದ ಮೀನುಗಳು ಮೂತಿ ಮೇಲೆತ್ತಿ ಪಚಕ್ ಪಚಕ್ ಅಂತ ಗಾಳಿ ನುಂಗುತ್ತಿದ್ದವು. ಕೆಲವು ಆಗಲೇ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಧ್ಯಾಹ್ನ ಎಣಿಸಿದರೆ ಸತ್ತಿದ್ದು 72. ಬಿಟ್ಟಿದ್ದೇ 250.

ಯಾರೋ ವಿಷ ಹಾಕಿದ್ದಾರೆ ಅಂದರು ಪಕ್ಕದ ತೋಟದವರು. ಹಾಕಿದವನು ನಾನೇ. ವಿಷ ಅಲ್ಲ, ಸಗಣಿ.

ನಮ್ಮದು ತುಮಕೂರು ಜಿಲ್ಲೆಯ ಒಣ ಭೂಮಿ. ಸ್ವಲ್ಪ ತೆಂಗು, ಸ್ವಲ್ಪ ರಾಗಿ, ನಾಲ್ಕು ಹಸು. ಕೃಷಿ ಭಾಗ್ಯ ಯೋಜನೆಯಲ್ಲಿ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡ ತೆಗೆಸಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೆವು. ನೀರು ಸುಮ್ನೆ ನಿಂತಿರುತ್ತದಲ್ವಾ, ಮೀನು ಬಿಡೋಣ ಅಂತ ಜುಲೈನಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿ ತಂದು ಬಿಟ್ಟೆ. ವಾರಕ್ಕೆ ಒಂದು ಬುಟ್ಟಿ ಸಗಣಿ, ಸುಮಾರು 15 ಕೆಜಿ, ಕದಡಿ ಹಾಕಿ ಅಂತ ಹೇಳಿದ್ದರು. ಎರಡು ತಿಂಗಳು ಹಾಗೇ ಹಾಕಿದೆ. ಮೀನು ಚೆನ್ನಾಗಿ ಬೆಳೆಯುತ್ತಿತ್ತು. ಒಂದು ಬುಟ್ಟಿಗೆ ಇಷ್ಟು ಬೆಳೆದರೆ ಹತ್ತು ಬುಟ್ಟಿಗೆ ಎಷ್ಟು ಬೆಳೆಯಬೇಡ ಅನ್ನಿಸಿತು. ಹಬ್ಬಕ್ಕೆ ಕೊಟ್ಟಿಗೆ ಚೊಕ್ಕ ಮಾಡುವುದೂ ಇತ್ತು. ಹತ್ತೂ ಬುಟ್ಟಿ ಒಂದೇ ದಿನ ಸುರಿದೆ.

ಆಗ ನನಗೆ ಗೊತ್ತಿಲ್ಲದ್ದು ಇಷ್ಟು: ಮೀನು ಸಗಣಿಯನ್ನೇ ನೆಚ್ಚಿಕೊಂಡು ಬೆಳೆಯುವುದಿಲ್ಲ. ಸಗಣಿಯ ಸಾರ ಹೀರಿ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಪಾಚಿ ಬೆಳೆಯುತ್ತದೆ. ಅದಕ್ಕೆ ಶಕ್ತಿ ಬರುವುದು ಬಿಸಿಲಿನಿಂದ. ಆ ಪಾಚಿಯನ್ನು ನೀರುಚಿಗಟಗಳು ತಿನ್ನುತ್ತವೆ. ರಾತ್ರಿ ಬಿಳಿ ತಟ್ಟೆಯಲ್ಲಿ ಒಂದು ಲೋಟ ನೀರು ಹಾಕಿ ಟಾರ್ಚ್ ಬಿಟ್ಟರೆ ಅವು ಕಾಣುತ್ತವೆ. ಸಾಸಿವೆಗಿಂತ ಚಿಕ್ಕ ಚುಕ್ಕಿಗಳು, ಕುಪ್ಪಳಿಸುತ್ತಾ ಓಡಾಡುತ್ತವೆ. ಮೇಲ್ಗಡೆ ಈಜುವ ಕಾಟ್ಲಾಗೆ ಮುಖ್ಯ ಊಟ ಈ ಚಿಗಟಗಳೇ. ರೋಹು ನಡುನೀರಿನದು, ಪಾಚಿ, ಕೊಳೆತ ಸೊಪ್ಪು ತಿನ್ನುತ್ತದೆ. ಮೃಗಾಲ್ ತಳ ಕೆದಕುತ್ತದೆ.

ಇನ್ನು ಸಗಣಿಯಲ್ಲಿ ಉಳಿದಿರುವುದೂ ಬಿಸಿಲೇ. ಹುಲ್ಲು ಹಿಡಿದಿಟ್ಟ ಬಿಸಿಲು, ಹಸು ತಿಂದು ಬಿಟ್ಟಿದ್ದು. ಅದನ್ನು ತಿನ್ನಲು ಸೂಕ್ಷ್ಮಜೀವಿಗಳು ಮುತ್ತುತ್ತವೆ, ತಿನ್ನುತ್ತಾ ನೀರಿನ ಆಮ್ಲಜನಕ ಎಳೆಯುತ್ತವೆ. ಹಗಲು ಬಿಸಿಲಿದ್ದರೆ ಪಾಚಿ ಆಮ್ಲಜನಕ ಬಿಡುತ್ತದೆ, ಹೇಗೋ ಸರಿಹೋಗುತ್ತದೆ. ರಾತ್ರಿ ಪಾಚಿಯೂ ನಮ್ಮ ಹಾಗೆ ಉಸಿರಾಡುವುದೇ, ಕೊಡುವುದಿಲ್ಲ. ಅದಕ್ಕೇ ಹೊಂಡದಲ್ಲಿ ಉಸಿರು ತೀರಾ ಕಮ್ಮಿಯಾಗುವುದು ಬೆಳಗಾಗುವ ಮುಂಚೆ. ಮೂರು ದಿನ ಮೋಡ, ತಳದಲ್ಲಿ ಒಂದೂವರೆ ಕ್ವಿಂಟಲ್ ಸಗಣಿ. ಇನ್ನೇನಾಗಬೇಕು?

ಅವತ್ತು ಮೊದಲು ಬೋರಿನ ನೀರನ್ನು ಪೈಪಿನಿಂದ ನೇರ ಹೊಂಡಕ್ಕೆ ಬಿಟ್ಟೆ. ಏನೂ ಆಗಲಿಲ್ಲ. ಬೋರಿನ ನೀರು ಭೂಮಿಯ ಆಳದ್ದು, ಅದರಲ್ಲೇ ಆಮ್ಲಜನಕ ಬಹಳ ಕಮ್ಮಿ. ಆಮೇಲೆ ಜೆಟ್ಟು ಕಟ್ಟಿ ತುಂತುರು ಮಳೆ ಥರ ಮೇಲಿಂದ ಬೀಳಿಸಿದೆ. ಗಾಳಿ ಬೆರೆಸಿಕೊಂಡು ಬಿದ್ದಾಗ ಮೀನೆಲ್ಲ ಆ ಮೂಲೆಗೆ ನುಗ್ಗಿದವು. ಉಳಿದಿದ್ದು ಹಾಗೆ ಉಳಿದಿದ್ದು.

ಅಲ್ಲಿಂದ ನನಗೆ ಲೆಕ್ಕದ ಹುಚ್ಚು ಹತ್ತಿತು. ನಮ್ಮ ಕಡೆ ಒಂದು ಚದರ ಮೀಟರ್ ಮೇಲೆ ದಿನಕ್ಕೆ ಬೀಳುವ ಬಿಸಿಲು ಸುಮಾರು 5 ಯೂನಿಟ್, ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ ಅದೇ ಯೂನಿಟ್. ನನ್ನ ಹೊಂಡದ ಮೇಲ್ಮೈ 441 ಚದರ ಮೀಟರ್, ನಾಲ್ಕೂವರೆ ಗುಂಟೆಗೆ ಸ್ವಲ್ಪ ಕಮ್ಮಿ. ಅಂದರೆ ದಿನಕ್ಕೆ 2,200 ಯೂನಿಟ್. ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಯೂನಿಟ್ ದಾಟಿದರೆ ಅಮ್ಮ ಫ್ಯಾನ್ ಆರಿಸುತ್ತಾರೆ!

ಆ 2,200ರಲ್ಲಿ ಪಾಚಿ ಹಿಡಿದುಕೊಳ್ಳುವುದು ನೂರಕ್ಕೆ ಒಂದರ ಆಸುಪಾಸು, 22 ಯೂನಿಟ್ ಅನ್ನಿ. ಚಿಗಟಕ್ಕೆ ದಕ್ಕುವುದು ಅದರಲ್ಲಿ ಹತ್ತರಲ್ಲೊಂದು. ಚಿಗಟದಿಂದ ಮೀನಿಗೆ ಮತ್ತೆ ಹತ್ತರಲ್ಲೊಂದು. ಉಳಿದಿದ್ದು ಎಲ್ಲಿ ಹೋಯಿತು? ಉಸಿರಾಡಲು, ಓಡಾಡಲು ಖರ್ಚಾಗಿ ಶಾಖವಾಗಿ ಹೋಯಿತು. ಇನ್ನಷ್ಟು ತಿನ್ನದೇ, ಜೀರ್ಣವಾಗದೇ ಕೆಳಗೆ ಬಿತ್ತು. ಕೆಳಗೆ ಬಿದ್ದಿದ್ದರಲ್ಲಿ ಮೃಗಾಲ್ ಸ್ವಲ್ಪ ಬಾಚಿಕೊಳ್ಳುತ್ತದೆ. ಶಾಖವಾಗಿ ಹೋಗಿದ್ದು ಮಾತ್ರ ವಾಪಸ್ ಬರುವುದಿಲ್ಲ.

ಇದನ್ನು ಮೊದಲು ಒಂದು ಕೆರೆಯಲ್ಲಿ ಲೆಕ್ಕ ಹಾಕಿ ತೋರಿಸಿದವರು ರೇಮಂಡ್ ಲಿಂಡೆಮನ್. ಅಮೆರಿಕದ ಮಿನ್ನೆಸೋಟಾದ ಸೀಡರ್ ಬಾಗ್ ಅನ್ನುವ ಸಣ್ಣ ಕೆರೆಯಲ್ಲಿ ವರ್ಷಗಟ್ಟಲೆ ಜೀವಿಗಳನ್ನು ಜಾಲಾಡಿದರು. ಆ ಪ್ರಬಂಧ 1942ರಲ್ಲಿ ಅಚ್ಚಾಯಿತು, ಆದರೆ ಅದಕ್ಕೂ ಮೊದಲೇ, ಇನ್ನೂ ಇಪ್ಪತ್ತರ ಹರೆಯದಲ್ಲೇ, ಅವರು ತೀರಿಕೊಂಡಿದ್ದರು. ಪಠ್ಯಪುಸ್ತಕದಲ್ಲಿ 'ಶೇ. 10ರ ನಿಯಮ' ಅಂತ ಓದುತ್ತೇವಲ್ಲ, ಅದರ ಬೇರು ಇದು. ನಿಯಮ ಅನ್ನುವುದು ದೊಡ್ಡ ಮಾತಾಯಿತು ಅಂತ ನನಗನ್ನಿಸುತ್ತದೆ. ಒಂದು ಕಡೆ 5 ಇರುತ್ತದೆ, ಇನ್ನೊಂದು ಕಡೆ 20 ಇರುತ್ತದೆ. ಹತ್ತು ಅನ್ನುವುದು ಅಂದಾಜು.

ಎರಡನೇ ವರ್ಷ ಸಗಣಿ ಹದವಾಗಿ ಹಾಕಿದೆ, ಜೊತೆಗೆ ಸ್ವಲ್ಪ ತೌಡು, ಕಡಲೆಕಾಯಿ ಹಿಂಡಿ. ಎಂಟು ತಿಂಗಳಿಗೆ 110 ಕೆಜಿ ಮೀನು ಸಿಕ್ಕಿತು. ಒಂದು ಕೆಜಿ ಮೀನಿನ ಮೈಯಲ್ಲಿರುವ ಶಕ್ತಿ ಒಂದೂಕಾಲು ಯೂನಿಟ್‌ನಷ್ಟು ಅಂತ ಹಿಡಿದರೆ ಒಟ್ಟು 140 ಯೂನಿಟ್ ಕೂಡ ಇಲ್ಲ. ಅಷ್ಟು ದಿನದಲ್ಲಿ ಹೊಂಡದ ಮೇಲೆ ಬಿದ್ದ ಬಿಸಿಲು ಐದು ಲಕ್ಷ ಯೂನಿಟ್ ದಾಟುತ್ತದೆ. ಹೆಚ್ಚುಕಮ್ಮಿ ನಾಲ್ಕು ಸಾವಿರದಲ್ಲಿ ಒಂದು ಪಾಲು ಮಾತ್ರ ಕೈಗೆ ಬಂತು. ಅದರಲ್ಲೂ ತೌಡು, ಹಿಂಡಿಯ ಪಾಲು ಬೇರೆ ಗದ್ದೆಯ ಬಿಸಿಲಿನದು.

ಮೂರನೇ ವರ್ಷ ಇನ್ನೊಂದು ಆಸೆ ಬಂತು. ಕೊರವ ಮೀನಿಗೆ ಸಂತೆಯಲ್ಲಿ ಒಳ್ಳೆ ರೇಟು. ಮೂವತ್ತು ಕೊರವ ಮರಿ ತಂದು ಕಾಟ್ಲಾ, ರೋಹು ಜೊತೆಗೇ ಬಿಟ್ಟೆ. ಕೊರವ ಬೇರೆ ಮೀನನ್ನು ತಿಂದು ಬದುಕುವ ಮೀನು. ಸರಪಳಿಗೆ ಇನ್ನೊಂದು ಕೊಂಡಿ ಸೇರಿಸಿದೆ, ಆ ಕೊಂಡಿಯೂ ತನ್ನ ಸುಂಕ ಹೊಡೆಯಿತು. ಕೊನೆಗೆ ಕೊರವ 9 ಕೆಜಿ, ಉಳಿದ ಮೀನೆಲ್ಲ ಸೇರಿ 48 ಕೆಜಿ. ಕಾಟ್ಲಾ, ರೋಹು ಇನ್ನೂ ಮರಿಯಾಗಿದ್ದಾಗಲೇ ಕೊರವ ತಿಂದು ಹಾಕಿದ್ದರಿಂದ ನಷ್ಟ ಇನ್ನೂ ಜಾಸ್ತಿಯಾಯಿತು, ಎಲ್ಲವನ್ನೂ ಹತ್ತರಲ್ಲೊಂದರ ಲೆಕ್ಕಕ್ಕೆ ತಳ್ಳಲಾಗದು. ಆದರೂ ಒಂದು ಕೆರೆಯಲ್ಲಿ ಕೊರವ ಯಾಕೆ ಕಮ್ಮಿ, ಕೆಳಗಿನ ಸಣ್ಣ ಮೀನು ಯಾಕೆ ಜಾಸ್ತಿ ಅಂತ ಆ ವರ್ಷ ಪುಸ್ತಕ ಇಲ್ಲದೇ ತಿಳಿಯಿತು. ಈಗ ಬಿಡುವುದಿಲ್ಲ.

ಮಿಂಚುಳ್ಳಿ ಒಂದು ಜೋಡಿ ಬರುತ್ತವೆ. ಬಲೆ ಕಟ್ಟಿ ಅಂತ ಹೇಳುವವರಿದ್ದಾರೆ. ಮೀನಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಖರ್ಚಿಲ್ಲ, ತಿಂದಿದ್ದರಲ್ಲಿ ಮೈಗೆ ಹತ್ತುವುದು ಜಾಸ್ತಿ. ಹಕ್ಕಿಗೆ ಹಾಗಲ್ಲ, ಹಗಲೂ ರಾತ್ರಿ ಒಲೆ ಉರಿಯುತ್ತಲೇ ಇರಬೇಕು. ಅಷ್ಟು ಪುಟ್ಟ ಹಕ್ಕಿ ಅಷ್ಟು ಸಲ ಧುಮುಕುವುದು ಅದಕ್ಕೇ. ಅದು ಎತ್ತಿಕೊಂಡು ಹೋಗುವುದು ಬೆರಳುದ್ದದ ಮರಿ. ಬಲೆ ಕಟ್ಟಿಲ್ಲ.

ಮಾರ್ಚ್‌ನಲ್ಲಿ ಮೀನು ಹಿಡಿದ ಮೇಲೆ ತಳದ ಕಪ್ಪು ರಾಡಿಯನ್ನು ತೆಂಗಿನ ಬುಡಕ್ಕೆ ಹೊಡೆಯುತ್ತೇನೆ. ಶಕ್ತಿ ಹೋದರೂ ಸಾರಜನಕ, ರಂಜಕ ಹೋಗಿರುವುದಿಲ್ಲ. ಅವು ಮರಕ್ಕೆ, ಬದುವಿನ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಅಲ್ಲಿಂದ ಮತ್ತೆ ಬುಟ್ಟಿಗೆ ಬರುತ್ತವೆ.

ಸಗಣಿ ಹಾಕುವ ಮುಂಚೆ ಈಗ ಒಂದೇ ಪರೀಕ್ಷೆ. ಅಂಗೈ ಬಿಚ್ಚಿ ಕೈಯನ್ನು ನೀರಿಗಿಳಿಸಬೇಕು. ನೀರು ಮೊಣಕೈ ಮುಟ್ಟುವ ಹೊತ್ತಿಗೆ ಅಂಗೈ ಮಸುಕಾದರೆ ಪಾಚಿ ಹದವಾಗಿದೆ. ಆಮೇಲೂ ಸ್ಪಷ್ಟವಾಗಿ ಕಂಡರೆ ಹಸಿವು, ಸಗಣಿ ಹಾಕಬಹುದು. ಅರ್ಧಕ್ಕೇ ಮರೆಯಾದರೆ ಹಾಕಬಾರದು. ಇವತ್ತು ಬೆಳಿಗ್ಗೆ ಮಣಿಕಟ್ಟು ದಾಟಿ ನಾಲ್ಕು ಬೆರಳಿಗೇ ಅಂಗೈ ಕಾಣದಾಯಿತು. ಮೋಡವೂ ಕಟ್ಟಿದೆ. ಬುಟ್ಟಿ ಕೊಟ್ಟಿಗೆಯಲ್ಲೇ ಇದೆ, ಜೆಟ್ಟಿನ ಪೈಪು ಮಾತ್ರ ದಡಕ್ಕೆ ತಂದಿಟ್ಟಿದ್ದೇನೆ.