ಶುಗರ್ ಲೆಕ್ಕ ತಪ್ಪಿದ್ದು ಮೀಟರಿನ ಗಡಿಯಾರದಲ್ಲಿ

ನನಗೆ ಶುಗರ್ ಬಂದು ಆರು ವರ್ಷ. ರಿಪೋರ್ಟುಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಮಾತ್ರೆ ಚೀಟಿ ಬೀರುವಿನಲ್ಲಿ, ಉಳಿದದ್ದು ಗ್ಲುಕೋಮೀಟರಿನಲ್ಲಿ. ಹೋದ ಸಲ ಡಾಕ್ಟರು ಮೀಟರ್ ನೋಡಿ ನಕ್ಕರು. ಬೆಳಗಿನ ರೀಡಿಂಗ್ ಎಲ್ಲ ಅದರಲ್ಲಿ ರಾತ್ರಿಯದಾಗಿತ್ತು! ಬ್ಯಾಟರಿ ಬದಲಿಸಿದಾಗ ತಾರೀಕು, ಸಮಯ ಅಳಿಸಿಹೋಗಿತ್ತು. ನಾನು ಸುಮ್ನೆ ಓಕೆ ಒತ್ತಿದ್ದೆ.

ಮೊದಲು ಗಡಿಯಾರ ಸರಿ ಮಾಡಿದೆ. ಆಮೇಲೆ ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ: ಖಾಲಿ ಹೊಟ್ಟೆ, ಊಟವಾಗಿ 2 ಗಂಟೆ, ಪಕ್ಕದಲ್ಲಿ ‘ಏನು ತಿಂದೆ’. ಈ ಕೊನೆಯದೇ ಜಾಸ್ತಿ ಕೆಲಸಕ್ಕೆ ಬಂತು. ಮುದ್ದೆ ತಿಂದ ದಿನ 160, ಮದುವೆ ಮನೆಯ ಹೋಳಿಗೆ ತಿಂದ ದಿನ 240. (ಹೋಳಿಗೆ ಒಂದು ಅಂತ ಬರೆದಿದ್ದೆ. ತಿಂದದ್ದು ಎರಡು.)

ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಸುಮಾರು ಮೂರು ತಿಂಗಳ ಶುಗರ್ ಸರಾಸರಿ ಹೇಳುತ್ತದೆ. ಅದಕ್ಕೆ ಬೇರೆ ಪುಟ. ರಿಪೋರ್ಟು, ಚೀಟಿ ಎಲ್ಲದರ ಫೋಟೋ ತೆಗೆದು ಫೋನಿನಲ್ಲಿ ಒಂದೇ ಕಡೆ ಇಟ್ಟೆ. ಮಗಳಿಗೂ ಕಳಿಸಿದೆ. ಫ್ಯಾಮಿಲಿ ಗ್ರೂಪಿಗೆ ಮಾತ್ರ ಹಾಕಲಿಲ್ಲ. ಹಾಕಿದರೆ ಹಾಗಲಕಾಯಿ ರಸದ ಸಲಹೆ ಶುರು, ಅಲ್ವಾ?

ಹೋದ ವಾರ ಪುಸ್ತಕವನ್ನೇ ಡಾಕ್ಟರ ಕೈಗೆ ಕೊಟ್ಟೆ. ಎರಡು ನಿಮಿಷ ಓದಿದರು. ರಾತ್ರಿ ಮಾತ್ರೆಯ ಹೊತ್ತು ಬದಲಿಸಿದರು, ಅಷ್ಟೇ.