ಕೊಟೇಶನ್ ಕೇಳುವ ಮುನ್ನ ಮನೆಯ ವಿವರಪಟ್ಟಿ ಸಿದ್ಧಪಡಿಸುವ ಬಗೆ

ಒಂದೇ ನಕ್ಷೆಯನ್ನು ಮೂವರು ಗುತ್ತಿಗೆದಾರರಿಗೆ ಕೊಟ್ಟು ದರ ಕೇಳಿದರೆ ಒಂದಕ್ಕೊಂದು ಹೊಂದದ ಮೂರು ಮೊತ್ತಗಳು ಬರುತ್ತವೆ. ನಕ್ಷೆಯಲ್ಲಿ ಕೋಣೆಗಳ ಅಳತೆ ಇರುತ್ತದೆಯೇ ಹೊರತು ಗೋಡೆಗೆ ಯಾವ ಇಟ್ಟಿಗೆ, ಗಿಲಾವು ಎಷ್ಟು ದಪ್ಪ, ಬಾಗಿಲಿಗೆ ಯಾವ ಮರ ಎಂಬ ವಿವರ ಇರುವುದಿಲ್ಲ. ಹೇಳದೆ ಬಿಟ್ಟದ್ದನ್ನು ಪ್ರತಿಯೊಬ್ಬರೂ ತಮಗೆ ತೋಚಿದಂತೆ ತುಂಬಿಕೊಂಡು ಲೆಕ್ಕ ಹಾಕುತ್ತಾರೆ. ಆಗ ಅತಿ ಕಡಿಮೆ ಮೊತ್ತ ಹೇಳಿದವರು ನಿಜಕ್ಕೂ ಅಗ್ಗವಾಗಿ ಕಟ್ಟುವವರೋ ಅಥವಾ ಕೆಲಸವನ್ನೇ ಕಡಿಮೆ ಲೆಕ್ಕ ಹಾಕಿದವರೋ ಎಂದು ತಿಳಿಯುವ ದಾರಿ ಮನೆಯವರಿಗೆ ಇರುವುದಿಲ್ಲ. ಬಿಟ್ಟುಹೋದ ಕೆಲಸಗಳು ಮುಂದೆ ‘ಹೆಚ್ಚುವರಿ ಕೆಲಸ’ದ ಹೆಸರಿನಲ್ಲಿ, ಚೌಕಾಸಿಗೆ ಅವಕಾಶವೇ ಇಲ್ಲದ ಹೊತ್ತಿನಲ್ಲಿ, ಬಿಲ್ಲಿಗೆ ಸೇರುತ್ತವೆ.

ಆದ್ದರಿಂದ ವಾಸ್ತುಶಿಲ್ಪಿಯ ನಕ್ಷೆಯೊಂದಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಕೊಡುವ ಕಂಬ, ತೊಲೆ, ಸ್ಲ್ಯಾಬ್‌ಗಳ ವಿನ್ಯಾಸವೂ ಕೈಗೆ ಬಂದ ಮೇಲೆಯೇ ವಿವರಪಟ್ಟಿ, ಅಂದರೆ ಯಾವ ಕೆಲಸವನ್ನು ಯಾವ ಸಾಮಗ್ರಿಯಿಂದ ಹೇಗೆ ಮಾಡಬೇಕೆಂಬ ಪಟ್ಟಿ, ಬರೆಯಲು ಕೂರಬೇಕು. ಮನೆ ಕಟ್ಟುವ ಕ್ರಮದಲ್ಲಿಯೇ, ಅಂದರೆ ಮಣ್ಣು ಅಗೆಯುವುದರಿಂದ ಕೊನೆಯ ಕೋಟ್ ಬಣ್ಣದವರೆಗೆ, ಬರೆಯುತ್ತಾ ಹೋದರೆ ಯಾವುದೂ ತಪ್ಪಿಹೋಗುವ ಸಂಭವ ಕಡಿಮೆ.

ಅಡಿಪಾಯದ ಭಾಗದಲ್ಲಿ ಎಲ್ಲವನ್ನೂ ಮೊದಲೇ ನಿಶ್ಚಯಿಸಲು ಸಾಧ್ಯವಿಲ್ಲ. ಮಣ್ಣಿನ ಪರೀಕ್ಷೆ ಮಾಡಿಸಿದ್ದರೂ ಅಗೆದಾಗ ಬಂಡೆ ಸಿಗಬಹುದು, ನೀರು ಜಿನುಗಬಹುದು. ಇಂಥ ಕಡೆ ವಿನ್ಯಾಸದಲ್ಲಿರುವ ಆಳವನ್ನು ನಮೂದಿಸಿ, ಅದಕ್ಕಿಂತ ಹೆಚ್ಚು ಅಗೆಯಬೇಕಾಗಿ ಬಂದರೆ ಪ್ರತಿ ಘನ ಮೀಟರ್ ಮಣ್ಣಿಗೆ ಎಷ್ಟು, ಗಟ್ಟಿ ಬಂಡೆಗೆ ಎಷ್ಟು ಎಂಬ ದರವನ್ನು ಈಗಲೇ ಕೇಳಿಡಬೇಕು.

ಕಾಂಕ್ರೀಟ್ ಮತ್ತು ಕಬ್ಬಿಣದ ವಿಷಯದಲ್ಲಿ ಮಾತ್ರ ಒಂದು ಪದವೂ ಸಡಿಲವಾಗಿರಬಾರದು, ಏಕೆಂದರೆ ಇವು ಒಮ್ಮೆ ಮುಚ್ಚಿಹೋದರೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಎಂಜಿನಿಯರ್ ಸೂಚಿಸಿದ ಕಾಂಕ್ರೀಟ್ ಗ್ರೇಡ್ (ಸಾಮರ್ಥ್ಯದ ದರ್ಜೆ), ಅದರ 28 ದಿನಗಳ ಸಾಮರ್ಥ್ಯವನ್ನು ಪರೀಕ್ಷಿಸಲು ಮಾದರಿ ತೆಗೆಯುವವರು ಯಾರು, ಆ ಪರೀಕ್ಷೆಯ ಖರ್ಚು ಯಾರದು ಎಂಬುದನ್ನೆಲ್ಲ ಬರೆಯಬೇಕು. ಕಬ್ಬಿಣದ ಸರಳಿಗೂ ಕಾಂಕ್ರೀಟಿನ ಹೊರಮೈಗೂ ನಡುವೆ ಇರಬೇಕಾದ ಕವರ್ ಎಷ್ಟು ಮಿಲಿಮೀಟರ್ ಎಂಬುದನ್ನು ಕಂಬ, ತೊಲೆ, ಸ್ಲ್ಯಾಬ್‌ಗಳಿಗೆ ಪ್ರತ್ಯೇಕವಾಗಿ ಹೇಳಬೇಕು. ಇದು ಕಡಿಮೆಯಾದರೆ ತೇವ ಬೇಗನೆ ಸರಳನ್ನು ತಲುಪಿ, ತುಕ್ಕು ಹಿಡಿದು ಉಬ್ಬಿದ ಕಬ್ಬಿಣ ಕಾಂಕ್ರೀಟನ್ನೇ ಸೀಳುತ್ತದೆ. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಎಷ್ಟು ದಿನ ಮಾಡಬೇಕೆಂಬುದನ್ನೂ ಎಂಜಿನಿಯರನ್ನು ಕೇಳಿ ಬರೆಯಬೇಕು; ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ (OPC) 7 ದಿನಕ್ಕಿಂತ ಕಡಿಮೆ ಒಪ್ಪಬಾರದು. ತಾರಸಿ ಮತ್ತು ಸ್ನಾನದ ಮನೆಗಳ ಜಲನಿರೋಧಕ ಪದರದ ಮೇಲೆ ಕನಿಷ್ಠ 24 ಗಂಟೆ ನೀರು ನಿಲ್ಲಿಸಿ, ಕೆಳಗೆ ಸೋರುತ್ತಿಲ್ಲವೆಂದು ಕಂಡ ನಂತರವೇ ಟೈಲ್ಸ್ ಹಾಕಬೇಕು ಎಂಬ ಷರತ್ತನ್ನು ಸೇರಿಸಿದರೆ ಮುಂದಿನ ಎಷ್ಟೋ ಜಗಳಗಳು ತಪ್ಪುತ್ತವೆ.

‘ಉತ್ತಮ ಗುಣಮಟ್ಟದ’, ‘ಪ್ರಮಾಣಿತ’ ಎಂಬ ಪದಗಳನ್ನು ಪಟ್ಟಿಯಿಂದ ಪೂರ್ತಿಯಾಗಿ ತೆಗೆದುಹಾಕಿ. ಅವುಗಳಿಗೆ ಯಾವ ಅಳತೆಯೂ ಇಲ್ಲ. ‘ಒಳ ಗೋಡೆಗೆ ಒಳ್ಳೆಯ ಬಣ್ಣ’ ಎನ್ನುವುದರ ಬದಲು ‘ಒಂದು ಕೋಟ್ ಪ್ರೈಮರ್, ಎರಡು ಕೋಟ್ ಪುಟ್ಟಿ, ಎರಡು ಕೋಟ್ ಎಮಲ್ಷನ್’ ಎಂದು ಬರೆದು ಕಂಪನಿಯ ಹೆಸರನ್ನೂ ಉತ್ಪನ್ನದ ಹೆಸರನ್ನೂ ಸೇರಿಸಬೇಕು. ‘ಅಥವಾ ಅದಕ್ಕೆ ಸಮಾನವಾದದ್ದು’ ಎಂದು ಸೇರಿಸುವುದಾದರೆ, ಸಮಾನವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರೆಂಬುದೂ ಅಲ್ಲಿಯೇ ಇರಲಿ. ಟೈಲ್ಸ್, ನಲ್ಲಿಗಳಂಥವನ್ನು ಇನ್ನೂ ಆರಿಸಿಲ್ಲದಿದ್ದರೆ, ಪ್ರತಿ ಚದರ ಮೀಟರಿಗೆ ಅಥವಾ ಪ್ರತಿ ನಗಕ್ಕೆ ಸಾಮಗ್ರಿಯ ಬೆಲೆ ಇಷ್ಟೆಂದು ನೀವೇ ನಿಗದಿಪಡಿಸಿ, ಎಲ್ಲ ಗುತ್ತಿಗೆದಾರರಿಗೂ ಅದೇ ಅಂಕಿಯನ್ನು ಕೊಟ್ಟು, ಕೂಲಿಯ ದರವನ್ನು ಮಾತ್ರ ಬೇರೆಯಾಗಿ ಕೇಳುವುದು ನ್ಯಾಯವಾದ ಕ್ರಮ.

ವಿದ್ಯುತ್ತಿನ ಕೆಲಸಕ್ಕೆ ಕೋಣೆವಾರು ಪಾಯಿಂಟುಗಳ ಎಣಿಕೆ, ತಂತಿಯ ದಪ್ಪ ಮತ್ತು ಸ್ವಿಚ್ಚುಗಳ ಮಾದರಿ ಬೇಕು. ಹಾಸಿಗೆಯ ಎರಡೂ ಬದಿ, ಅಡುಗೆಕಟ್ಟೆಯ ಉದ್ದಕ್ಕೂ, ಓದುವ ಮೇಜಿನ ಬಳಿ ಏನೇನು ಬೇಕಾಗುತ್ತದೆ ಎಂದು ಮನೆಯವರೆಲ್ಲ ಕೂತು ಯೋಚಿಸಿದರೆ ಆಮೇಲೆ ಗೋಡೆ ಒಡೆಯುವುದು ತಪ್ಪುತ್ತದೆ.

ಕೆಲಸದ ಎಲ್ಲೆಯನ್ನೂ ಗುರುತಿಸಬೇಕು. ಕಾಂಪೌಂಡ್ ಗೋಡೆ, ಗೇಟು, ನೀರಿನ ಸಂಪು, ಒಳಚರಂಡಿಯ ಸಂಪರ್ಕ, ಅವಶೇಷಗಳ ಸಾಗಣೆ, ನಿರ್ಮಾಣಕ್ಕೆ ಬೇಕಾದ ನೀರು ಮತ್ತು ವಿದ್ಯುತ್, ತೆರಿಗೆ ಇವುಗಳಲ್ಲಿ ಪ್ರತಿಯೊಂದರ ಮುಂದೆಯೂ ‘ಸೇರಿದೆ’ ಅಥವಾ ‘ಸೇರಿಲ್ಲ’ ಎಂದಿರಲಿ. ಚದರಡಿ ಲೆಕ್ಕದಲ್ಲಿ ದರ ಕೇಳುವುದಾದರೆ ಬಾಲ್ಕನಿ, ಮೆಟ್ಟಿಲು, ಗೋಡೆಯ ದಪ್ಪ ಇವು ವಿಸ್ತೀರ್ಣದಲ್ಲಿ ಸೇರುತ್ತವೆಯೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ನನ್ನ ಅಭಿಪ್ರಾಯದಲ್ಲಿ ಚದರಡಿ ದರಕ್ಕಿಂತ ಬಾಬ್ತುವಾರು ದರವೇ, ಅಂದರೆ ಪ್ರತಿಯೊಂದು ಕೆಲಸಕ್ಕೂ ಬೇರೆಬೇರೆ ದರವೇ, ಮೇಲು. ಎಷ್ಟು ಕೆಲಸ ಆಯಿತೋ ಅಷ್ಟನ್ನೇ ಅಳೆದು ಹಣ ಕೊಡಬಹುದು.

ಕೊನೆಗೆ ಬಾಬ್ತು, ಅಳತೆಯ ಘಟಕ, ಪ್ರಮಾಣ, ದರ, ಮೊತ್ತ ಎಂಬ ಕಾಲಮ್‌ಗಳ ಪಟ್ಟಿ ಮಾಡಿ, ದರ ಮತ್ತು ಮೊತ್ತದ ಜಾಗ ಖಾಲಿ ಬಿಟ್ಟು, ಎಲ್ಲರಿಗೂ ಒಂದೇ ಪ್ರತಿಯನ್ನು ಕಳುಹಿಸಬೇಕು. ಒಬ್ಬರು ಸಂದೇಹ ಕೇಳಿದರೆ ಉತ್ತರವನ್ನು ಲಿಖಿತವಾಗಿ ಉಳಿದವರಿಗೂ ತಿಳಿಸಬೇಕು. ದರಗಳು ಬಂದಾಗ ಒಟ್ಟು ಮೊತ್ತಕ್ಕಿಂತ ಮೊದಲು ಸಾಲುಸಾಲಾಗಿ ಹೋಲಿಸಿ, ಎಲ್ಲಿ ಒಬ್ಬರ ದರ ಉಳಿದವರಿಗಿಂತ ತೀರಾ ಕಡಿಮೆಯಿದೆಯೋ ಅಲ್ಲಿ ಅವರು ಏನನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಂದು ಕೇಳಿ ತಿಳಿಯಬೇಕು. ಕೆಲಸ ಒಪ್ಪಿಸುವಾಗ ಇದೇ ಪಟ್ಟಿಯ ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ ಕರಾರುಪತ್ರಕ್ಕೆ ಲಗತ್ತಿಸಬೇಕು.